ಪಾಲ್ ಬ್ಲೇ ಯಾರ ಮಗ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಸಂಗೀತ ಆಸಕ್ತರ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಕೇಳಿಸಿದ ರೆಕಾರ್ಡುಗಳ ವಿವರವನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬರ ಬಗ್ಗೆ ಮಾತ್ರ ಮಾತಾಡುತ್ತೇನೆ. ಕೆನಡಾದ ಜಾಜ್ ಪಿಯಾನೋ ವಾದಕ ಪಾಲ್ ಬ್ಲೇ. 1932ರ ನವೆಂಬರ್ 10ರಂದು ಮಾಂಟ್ರಿಯಲ್ ನಗರದಲ್ಲಿ ಹುಟ್ಟಿದರು. 2016ರ ಜನವರಿ 3ರಂದು ಅಮೆರಿಕದ ಫ್ಲೋರಿಡಾದಲ್ಲಿ ತೀರಿಕೊಂಡರು. ಆಗ 83 ವರ್ಷ. ಏಳನೇ ವಯಸ್ಸಿಗೆ ಪಿಯಾನೋ ಹಿಡಿದವರು ನೂರಕ್ಕೂ ಜಾಸ್ತಿ ರೆಕಾರ್ಡು ಮಾಡಿ ಹೋದರು. ಕೂಸಾಗಿರುವಾಗಲೇ ದತ್ತು ಹೋದವರು ಇವರು.

ಜಾಜ್ ಅಂದರೆ ನಮ್ಮ ಕರಾವಳಿಗೆ ತೀರಾ ಹೊರಗಿನದು ಅಂತ ಅಂದುಕೊಳ್ಳಬೇಡಿ. ಕದ್ರಿ ಗೋಪಾಲನಾಥರು 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ಸ್ಯಾಕ್ಸೊಫೋನ್ ನುಡಿಸಿದ್ದರು. 2008ರಲ್ಲಿ ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಂತಪ್ಪ ಅವರ ಜೊತೆ ನುಡಿಸಿದ ‘ಕಿನ್ಸ್‌ಮೆನ್’ ಅನ್ನುವ ರೆಕಾರ್ಡು ಬಂತು. ಆದ್ದರಿಂದ ಪರದೇಶದ ವಿಷಯ ಅಂತ ದೂರ ಇಟ್ಟು ಕೇಳಬೇಕಾಗಿಲ್ಲ.

ದತ್ತು ಹೋದ ಕಲಾವಿದ ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಕತೆ ತಾನಾಗಿ ಎದ್ದು ನಿಲ್ಲುತ್ತದೆ. ಹೆತ್ತವರು ಗೊತ್ತಿಲ್ಲದ ಮಗು, ಒಳಗೊಂದು ಕೊರಗು, ಆ ಕೊರಗಿನಿಂದಲೇ ಹುಟ್ಟಿದ ಸಂಗೀತ. ಕೇಳಲಿಕ್ಕೆ ಚೆನ್ನಾಗಿರುತ್ತದೆ. ನನಗೆ ಮಾತ್ರ ಆ ಕತೆ ಒಪ್ಪಿಗೆಯಿಲ್ಲ. ಬ್ಲೇ ಅವರ ಪಿಯಾನೋದಲ್ಲಿ ನನಗೆ ಕೇಳಿಸುವುದು ಧೈರ್ಯ. ತುಂಬಿದ ಸಭೆಯಲ್ಲಿ ಏನೂ ನುಡಿಸದೆ ಸುಮ್ನೆ ಕೂರುವ ಧೈರ್ಯ, ದೊಡ್ಡವರ ಎದುರು ತನ್ನ ದಾರಿ ಹಿಡಿಯುವ ಧೈರ್ಯ. ಅದು ಎಲ್ಲಿಂದ ಬಂತು ಅಂತ ಅವರ ಬದುಕಿನಲ್ಲಿ ಹುಡುಕಿದರೆ ಒಂದೇ ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ಯಾರೋ ಒಬ್ಬರು ಅವರನ್ನು ಕರೆದು, ಬಾ, ಇಲ್ಲಿ ಕೂತು ನುಡಿಸು ಅಂದಿದ್ದಾರೆ. ನಾನು ಹೇಳಬೇಕು ಅಂತಿರುವುದು ಆ ಕರೆದವರ ಬಗ್ಗೆ.

ಮೊದಲು ಊರು. ಮಾಂಟ್ರಿಯಲ್ ನಮಗೆ ಬೇಗ ಅರ್ಥವಾಗುವ ನಗರ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಹವ್ಯಕ ಕನ್ನಡ, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಯಲ್ಲಿ ಮಲಯಾಳ, ಹೀಗೆ ದಿನ ಕಳೆಯುವವರು ನಾವು. 1956ರಲ್ಲಿ ಗೆರೆ ಎಳೆದ ಮೇಲೂ ಇಲ್ಲಿನ ಮಾತುಗಳು ಗೆರೆಯ ಪ್ರಕಾರ ನಡೆಯಲಿಲ್ಲ. ಮಾಂಟ್ರಿಯಲ್‌ನಲ್ಲಿ ಗೆರೆ ಊರಿನ ಮಧ್ಯದಲ್ಲೇ ಇತ್ತು. ಸೇಂಟ್ ಲಾರೆನ್ಸ್ ಅನ್ನುವ ಉದ್ದದ ಬೀದಿ. ಅದರ ಪೂರ್ವಕ್ಕೆ ಹೆಚ್ಚಾಗಿ ಫ್ರೆಂಚ್ ಮಾತಾಡುವವರು, ಪಶ್ಚಿಮಕ್ಕೆ ಇಂಗ್ಲಿಷ್ ಮಾತಾಡುವವರು. ಪೂರ್ವ ಯುರೋಪಿನಿಂದ ಬಂದ ಯಹೂದಿಗಳು ಆ ಬೀದಿಯ ಅಕ್ಕಪಕ್ಕದಲ್ಲೇ ನೆಲೆಯಾದರು. ಅವರ ಮನೆಮಾತು ಯಿಡ್ಡಿಷ್. ಬಟ್ಟೆ ಹೊಲಿಯುವ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು, ಅವನ್ನು ನಡೆಸುತ್ತಿದ್ದವರು, ಎರಡೂ ಕಡೆ ಅವರಿದ್ದರು.

ಅದೇ ಊರಿನಲ್ಲಿ ರೈಲ್ವೆ ನಿಲ್ದಾಣದ ಹತ್ತಿರ ಕಪ್ಪು ಜನರ ಕೇರಿಯಿತ್ತು. ಅಲ್ಲಿನ ಗಂಡಸರಲ್ಲಿ ಬಹಳ ಮಂದಿ ರೈಲಿನಲ್ಲಿ ಪೋರ್ಟರ್ ಕೆಲಸದವರು. ರೈಲು ಅಮೆರಿಕದಿಂದ ಬರುತ್ತಿತ್ತು, ಜೊತೆಗೆ ಸಂಗೀತಗಾರರೂ ಬರುತ್ತಿದ್ದರು. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತಲ್ಲ, ಆಗ ಗಡಿಯ ಈಚೆಗಿನ ಮಾಂಟ್ರಿಯಲ್‌ನಲ್ಲಿ ಕ್ಲಬ್ಬುಗಳು ತುಂಬಿ ತುಳುಕುತ್ತಿದ್ದವು. ಹೀಗಾಗಿ ಚಳಿಯ ದೇಶದ ಒಂದು ಫ್ರೆಂಚ್ ನಗರ ಜಾಜ್ ಊರೂ ಆಯಿತು.

ಈ ಊರಿನ ಯಹೂದಿಗಳಲ್ಲಿ ಕಸೂತಿ ಕಾರ್ಖಾನೆ ನಡೆಸುತ್ತಿದ್ದ ಒಬ್ಬರು ಜೋಸೆಫ್ ಬ್ಲೇ. ಹೆಂಡತಿ ಬೆಟಿ, ರೊಮೇನಿಯಾದಿಂದ ಬಂದವರು. ಇವರು ಒಂದು ಗಂಡು ಕೂಸನ್ನು ದತ್ತು ತೆಗೆದುಕೊಂಡರು. ಹೈಮನ್ ಅಂತ ಹೆಸರಿಟ್ಟರು. ಪಾಲ್ ಅನ್ನುವುದು ಹುಡುಗ ಬೆಳೆದ ಮೇಲೆ ತಾನೇ ಇಟ್ಟುಕೊಂಡ ಹೆಸರು.

ಐದನೇ ವಯಸ್ಸಿಗೆ ಪಿಟೀಲು ಕಲಿಯಲು ಶುರು. ಏಳನೇ ವಯಸ್ಸಿನಲ್ಲಿ ಅಪ್ಪ ಅಮ್ಮ ವಿಚ್ಛೇದನ ತೆಗೆದುಕೊಂಡರು. ಹುಡುಗ ಪಿಟೀಲು ಬಿಟ್ಟು ಪಿಯಾನೋಕ್ಕೆ ಬಂದ. ಹನ್ನೊಂದಕ್ಕೆ ಮೆಕ್‌ಗಿಲ್ ಸಂಗೀತ ಶಾಲೆಯ ಜೂನಿಯರ್ ಡಿಪ್ಲೊಮಾ ಕೈಯಲ್ಲಿತ್ತು. ಹದಿಮೂರಕ್ಕೆ ತನ್ನದೇ ಬ್ಯಾಂಡು. ಬೇಸಿಗೆಯಲ್ಲಿ ಜನ ರಜೆ ಕಳೆಯಲು ಹೋಗುವ ಗುಡ್ಡಪ್ರದೇಶದ ಹೋಟೆಲುಗಳಲ್ಲಿ ಆ ಬ್ಯಾಂಡು ನುಡಿಸುತ್ತಿತ್ತು. ಹದಿಮೂರು ವರ್ಷದ ಹುಡುಗ ದೊಡ್ಡವರ ಕುಣಿತಕ್ಕೆ ಸಂಗೀತ ಕೊಟ್ಟು ಸಂಬಳ ತರುವುದು ಅಂದರೆ ಸಣ್ಣ ಮಾತಲ್ಲ. ಇಷ್ಟೂ ಆದದ್ದು ದತ್ತು ತೆಗೆದುಕೊಂಡ ಮನೆಯಲ್ಲಿ. ಪಿಟೀಲು, ಮೇಷ್ಟ್ರು, ಪಿಯಾನೋ, ಇದ್ಯಾವುದೂ ತಾನಾಗಿ ಮನೆಗೆ ನಡೆದು ಬರುವುದಿಲ್ಲ.

ಇನ್ನು ಮೊದಲ ದೊಡ್ಡ ಕರೆ. ಮಾಂಟ್ರಿಯಲ್‌ನ ವಿಂಡ್ಸರ್ ರೈಲ್ವೆ ನಿಲ್ದಾಣದ ಎದುರಿಗೆ ಆಲ್ಬರ್ಟಾ ಲೌಂಜ್ ಅಂತ ಒಂದು ಜಾಗ. ಅಲ್ಲಿ ಒಪ್ಪಂದದ ಮೇಲೆ ನುಡಿಸುತ್ತಿದ್ದವರು ಪಿಯಾನೋ ವಾದಕ ಆಸ್ಕರ್ ಪೀಟರ್ಸನ್. ಅವರ ತಂದೆಯೂ ರೈಲಿನ ಪೋರ್ಟರೇ. 1949ರಲ್ಲಿ ಪೀಟರ್ಸನ್‌ಗೆ ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಿಂದ ಕರೆ ಬಂತು. ಅಲ್ಲಿಂದ ಅವರು ಜಗತ್ಪ್ರಸಿದ್ಧರಾದರು. ಆದರೆ ಲೌಂಜಿನ ಒಪ್ಪಂದ ಇನ್ನೂ ಮುಗಿದಿರಲಿಲ್ಲ, ಅಲ್ಲಿ ಯಾರಾದರೂ ಕೂರಲೇಬೇಕಿತ್ತು. ಪೀಟರ್ಸನ್ ಕೇಳಿದ್ದು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಬ್ಲೇ ಅವರನ್ನು.

ಇದನ್ನು ಸ್ವಲ್ಪ ಯೋಚಿಸಿ ನೋಡಿ. ಪೀಟರ್ಸನ್ ಅಂದರೆ ಎರಡೂ ಕೈಯಲ್ಲಿ ಮಳೆ ಸುರಿದ ಹಾಗೆ ನುಡಿಸುವ ವಾದಕ. ಅವರ ನುಡಿತ ಕೇಳಲಿಕ್ಕೆಂದೇ ಬರುತ್ತಿದ್ದ ಜನ ಆ ಜಾಗದಲ್ಲಿ ಶಾಲೆಯ ಹುಡುಗನನ್ನು ನೋಡುತ್ತಾರೆ. ಎಷ್ಟು ಒಳ್ಳೆಯವನಾದರೂ ಪೀಟರ್ಸನ್ ಆಗಲು ಸಾಧ್ಯವಿಲ್ಲ. ಬ್ಲೇ ಮುಂದೆ ಜೀವಮಾನವಿಡೀ ಸ್ವರಗಳನ್ನು ಕಡಿಮೆ ಮಾಡುತ್ತಾ ಹೋದರು. ಅವರಿವರ ಹಾಗೆ ನುಡಿಸುವ ಗೋಜಿಗೆ ಹೋಗಲಿಲ್ಲ. ಆ ಪಾಠ ಆಲ್ಬರ್ಟಾ ಲೌಂಜಿನಲ್ಲೇ ಶುರುವಾಗಿರಬೇಕು ಅನ್ನುವುದು ನನ್ನ ಅನಿಸಿಕೆ.

ಮರುವರ್ಷ ಅವರು ನ್ಯೂಯಾರ್ಕಿಗೆ ಹೋಗಿ ಜೂಲಿಯಾರ್ಡ್ ಸಂಗೀತ ಶಾಲೆ ಸೇರಿದರು. ಆದರೂ ಊರಿನ ನಂಟು ಬಿಡಲಿಲ್ಲ. ಮಾಂಟ್ರಿಯಲ್‌ನಲ್ಲಿ ಗೆಳೆಯರೊಂದಿಗೆ ಜಾಜ್ ವರ್ಕ್‌ಶಾಪ್ ಕಟ್ಟಿ, ಅಮೆರಿಕದ ದೊಡ್ಡ ವಾದಕರನ್ನು ಅಲ್ಲಿಗೆ ಕರೆಸುತ್ತಿದ್ದರು. 1953ರ ಫೆಬ್ರವರಿಯಲ್ಲಿ ಚಾರ್ಲಿ ಪಾರ್ಕರ್ ಬಂದರು. ಪಾರ್ಕರ್ ಅಂದರೆ ಆ ಕಾಲದ ಜಾಜ್‌ನ ದಿಕ್ಕನ್ನೇ ತಿರುಗಿಸಿದ ಸ್ಯಾಕ್ಸೊಫೋನ್ ವಾದಕ. ಕೆನಡಾದಲ್ಲಿ ಟೀವಿ ಶುರುವಾಗಿ ವರ್ಷವೂ ಆಗಿರಲಿಲ್ಲ. ಆ ಟೀವಿಯಲ್ಲಿ ಪಾರ್ಕರ್ ಜೊತೆಗೆ ಇಪ್ಪತ್ತು ವರ್ಷದ ಬ್ಲೇ ನುಡಿಸಿದರು. ಅದರ ಧ್ವನಿಮುದ್ರಣ ಉಳಿದಿದೆ. ಎರಡು ವರ್ಷ ಕಳೆದು ಸ್ವಲ್ಪದರಲ್ಲೇ ಪಾರ್ಕರ್ ತೀರಿಕೊಂಡರು.

ಅದೇ 1953ರ ಕೊನೆಗೆ ಚಾರ್ಲ್ಸ್ ಮಿಂಗಸ್ ತಮ್ಮ ಡೆಬ್ಯೂ ಕಂಪನಿಯಿಂದ ಬ್ಲೇ ಅವರ ಮೊದಲ ರೆಕಾರ್ಡು ಮಾಡಿಸಿದರು. ಬೇಸ್ ಅನ್ನುವ ತಗ್ಗು ಸ್ವರದ ತಂತಿವಾದ್ಯ ನುಡಿಸಿದ್ದು ಸ್ವತಃ ಮಿಂಗಸ್, ಡ್ರಮ್ಸಿಗೆ ಆರ್ಟ್ ಬ್ಲೇಕಿ. ಇಬ್ಬರೂ ಆಗಲೇ ಹೆಸರು ಮಾಡಿದವರು, ನಡುವೆ ಕೂತವರಿಗೆ 21. ಪೀಟರ್ಸನ್ ತಮ್ಮ ಕುರ್ಚಿ ಬಿಟ್ಟುಕೊಟ್ಟರು, ಮಿಂಗಸ್ ತಮ್ಮ ದುಡ್ಡು ಹಾಕಿದರು. ಕಪ್ಪು ಜನರಾದ ಆ ಇಬ್ಬರಿಗೂ ಈ ಹುಡುಗ ನೆಂಟನಲ್ಲ, ಜಾತಿಯವನಲ್ಲ, ಬಣ್ಣದವನೂ ಅಲ್ಲ.

ಇಲ್ಲಿ ಜಾಜ್ ಹೇಗೆ ನಡೆಯುತ್ತದೆ ಅಂತ ಒಂದಿಷ್ಟು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಹಿಡಿಯುವುದು ಕಷ್ಟ. ಕುಂಬಳೆ ಸೀಮೆಯವರಿಗೆ ಇದನ್ನು ಹೇಳಲು ತಾಳಮದ್ದಳೆಗಿಂತ ಒಳ್ಳೆಯ ದಾರಿ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ಪಾರ್ತಿಸುಬ್ಬನದು, ಎಲ್ಲರಿಗೂ ಗೊತ್ತಿರುವುದು. ಅರ್ಥ ಮಾತ್ರ ಯಾರೂ ಬರೆದಿಟ್ಟದ್ದಲ್ಲ. ಅರ್ಥಧಾರಿ ಅಲ್ಲೇ ಕೂತು, ಎದುರಿನವರ ಮಾತಿಗೆ ತಕ್ಕ ಹಾಗೆ ಕಟ್ಟುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಲು ಜನ ಮತ್ತೆ ಮತ್ತೆ ಹೋಗುತ್ತಿದ್ದದ್ದು ಕತೆ ಗೊತ್ತಿಲ್ಲ ಅಂತ ಅಲ್ಲ. ಇವತ್ತು ವಾಲಿ ರಾಮನಿಗೆ ಏನು ಕೇಳುತ್ತಾನೆ ಅಂತ ತಿಳಿಯಲಿಕ್ಕೆ. ಜಾಜ್‌ನಲ್ಲಿ ಟ್ಯೂನು ಅಂದರೆ ಆ ಪದ್ಯ. ಅದನ್ನು ಒಮ್ಮೆ ಎಲ್ಲರೂ ಸೇರಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರ ಸರದಿ. ಟ್ಯೂನಿನ ಅಡಿಯಲ್ಲಿ ಹರಿಯುವ ಸ್ವರಮೇಳದ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿನ, ಸಾಲು ಇರುತ್ತದಲ್ಲ, ಅದು ತಿರುಗಿ ತಿರುಗಿ ಬರುತ್ತಿರುತ್ತದೆ. ಅದರ ಮೇಲೆ ನಿಂತು ಅಲ್ಲೇ ಹೊಸದು ಕಟ್ಟಬೇಕು.

ಈಗ ಒಂದು ಪ್ರಶ್ನೆ. ಪದ್ಯವನ್ನೇ ಬಿಟ್ಟು ಅರ್ಥ ಹೇಳಬಹುದೇ? ಆ ತಿರುಗುವ ಸಾಲು ಇಲ್ಲದೆ ನುಡಿಸಬಹುದೇ? 1950ರ ದಶಕದ ಕೊನೆಗೆ ಜಾಜ್ ಲೋಕದ ದೊಡ್ಡ ಜಗಳ ಇದೇ. ಆ ಜಗಳದ ಮೊದಲ ರಾತ್ರಿಗಳು ನಡೆದದ್ದು ಬ್ಲೇ ಅವರ ಬ್ಯಾಂಡಿನಲ್ಲಿ.

1957ರಲ್ಲಿ ಅವರು ಲಾಸ್ ಏಂಜಲೀಸ್‌ಗೆ ಹೋದರು. ಅಲ್ಲಿ ಹಿಲ್‌ಕ್ರೆಸ್ಟ್ ಕ್ಲಬ್ಬಿನಲ್ಲಿ ಖಾಯಂ ಕೆಲಸ ಸಿಕ್ಕಿತು. ಬೇಸ್ ನುಡಿಸಲು ಚಾರ್ಲಿ ಹೇಡನ್, ಡ್ರಮ್ಸಿಗೆ ಬಿಲ್ಲಿ ಹಿಗ್ಗಿನ್ಸ್. 1958ರಲ್ಲಿ ಆರ್ನೆಟ್ ಕೋಲ್‌ಮನ್ ಮತ್ತು ಟ್ರಂಪೆಟ್ ವಾದಕ ಡಾನ್ ಚೆರ್ರಿ ಬಂದು ಸೇರಿಕೊಂಡರು. ಕೋಲ್‌ಮನ್ ಸ್ಯಾಕ್ಸೊಫೋನಿನಲ್ಲಿ ಹಳೆಯ ಸಾಲನ್ನು ಬಿಟ್ಟು, ರಾಗ ಎಲ್ಲಿಗೆ ಎಳೆಯುತ್ತದೋ ಅಲ್ಲಿಗೆ ಹೋಗುವವರು. ಆಗ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಒಪ್ಪುವವರೇ ಕಡಿಮೆ. ಅವರನ್ನು ಸೇರಿಸಿಕೊಂಡರೆ ಕೆಲಸ ಹೋಗುತ್ತದೆ ಅಂತ ಬ್ಲೇ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸೇರಿಸಿಕೊಂಡರು. ಬ್ಲೇ ಮುಂದೆ ಹೇಳುತ್ತಿದ್ದ ಪ್ರಕಾರ, ಕ್ಲಬ್ಬಿನ ಮುಂದೆ ಕಾರಿನಲ್ಲಿ ಹೋಗುವವರಿಗೆ ಒಳಗೆ ಬ್ಯಾಂಡು ನುಡಿಸುತ್ತಿದೆಯೋ ಇಲ್ಲವೋ ಅಂತ ಹೊರಗಿನಿಂದಲೇ ಗೊತ್ತಾಗುತ್ತಿತ್ತಂತೆ. ಜನ ಗ್ಲಾಸು ಹಿಡಿದು ರಸ್ತೆಯಲ್ಲಿ ನಿಂತಿದ್ದರೆ ಒಳಗೆ ನುಡಿಸುತ್ತಿದ್ದಾರೆ ಅಂತ ಲೆಕ್ಕ. ನಿಲ್ಲಿಸಿದ ಕೂಡಲೇ ಎಲ್ಲರೂ ಒಳಗೆ. ಕೊನೆಗೆ ಆ ಕೆಲಸ ಹೋಯಿತು.

ಆ ರಾತ್ರಿಗಳ ಧ್ವನಿಮುದ್ರಣ ಕೆಲವು ಉಳಿದು, ಎಷ್ಟೋ ವರ್ಷಗಳ ಮೇಲೆ ಹೊರಗೆ ಬಂದವು. ಕೇಳಿದರೆ ಒಂದು ಗೊತ್ತಾಗುತ್ತದೆ. ಪಿಯಾನೋ ಅಲ್ಲಿ ಜಾಗ ಹುಡುಕುತ್ತಾ ಇದೆ. ಪಿಯಾನೋ ವಾದಕನ ವಾಡಿಕೆಯ ಕೆಲಸವೇ ಆ ಸ್ವರಮೇಳದ ಸಾಲನ್ನು ಹಿಡಿದುಕೊಡುವುದು. ಸಾಲೇ ಬೇಡ ಅಂದ ಮೇಲೆ ಅವನು ಏನು ಮಾಡಬೇಕು? ಮುಂದಿನ ಹತ್ತು ಹದಿನೈದು ವರ್ಷ ಬ್ಲೇ ಇದಕ್ಕೆ ಉತ್ತರ ಹುಡುಕಿದರು.

1961ರಲ್ಲಿ ಜಿಮ್ಮಿ ಜ್ಯೂಫ್ರಿ ಅವರ ಮೂವರ ತಂಡ. ಜ್ಯೂಫ್ರಿ ಅವರ ಕ್ಲಾರಿನೆಟ್, ಬ್ಲೇ ಅವರ ಪಿಯಾನೋ, ಸ್ಟೀವ್ ಸ್ವಾಲೋ ಅವರ ಬೇಸ್. ಡ್ರಮ್ಸ್ ಇಲ್ಲವೇ ಇಲ್ಲ. ಮೂವರೂ ಒಬ್ಬರಿಗೊಬ್ಬರು ಕಿವಿ ಕೊಟ್ಟು, ಮೆಲ್ಲಗೆ ನುಡಿಸುವ ಸಂಗೀತ. ಆಗ ಕೇಳುವವರೇ ಇರಲಿಲ್ಲ. ಕೊನೆಗೊಂದು ರಾತ್ರಿ ನ್ಯೂಯಾರ್ಕಿನ ಕಾಫಿ ಹೌಸಿನಲ್ಲಿ ನುಡಿಸಿ ತಲಾ 35 ಸೆಂಟ್ ಹಂಚಿಕೊಂಡು ತಂಡವನ್ನೇ ಮುಚ್ಚಿದರು. ಅವರ 1961ರ ಎರಡು ರೆಕಾರ್ಡುಗಳನ್ನು ಜರ್ಮನಿಯ ಇಸಿಎಂ ಕಂಪನಿ 1992ರಲ್ಲಿ ಮತ್ತೆ ತಂದಾಗ ಜಗತ್ತು ಹುಡುಕಿಕೊಂಡು ಕೇಳಿತು.

ಇನ್ನು 1963. ಈ ಒಂದು ರೆಕಾರ್ಡಿನ ಮೇಲೆ ಸ್ವಲ್ಪ ಹೊತ್ತು ನಿಲ್ಲೋಣ.

ಟೆನರ್ ಸ್ಯಾಕ್ಸೊಫೋನಿಗೆ ಜಾಜ್‌ನಲ್ಲಿ ಸ್ಥಾನ ಕೊಟ್ಟವರು ಕೋಲ್‌ಮನ್ ಹಾಕಿನ್ಸ್. ಆಗ ಅವರು ಅರುವತ್ತರ ಹತ್ತಿರ. ಅವರ ನಂತರದ ತಲೆಮಾರಿನ ದೊಡ್ಡ ಹೆಸರು ಸಾನಿ ರಾಲಿನ್ಸ್. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಸೇರಿಸಿ ಮಾಡಿದ ರೆಕಾರ್ಡು ‘ಸಾನಿ ಮೀಟ್ಸ್ ಹಾಕ್’. ಪಿಯಾನೋಕ್ಕೆ ಬ್ಲೇ, ಆಗ 30 ವರ್ಷ. ಅದರಲ್ಲಿ ‘ಆಲ್ ದ ಥಿಂಗ್ಸ್ ಯು ಆರ್’ ಅನ್ನುವ ಟ್ಯೂನು ಇದೆ. ಜೆರೋಮ್ ಕರ್ನ್ 1939ರಲ್ಲಿ ನಾಟಕಕ್ಕಾಗಿ ಮಾಡಿದ್ದು. ಪ್ರತಿಯೊಬ್ಬ ಜಾಜ್ ವಾದಕನೂ ನುಡಿಸಿದ ಟ್ಯೂನು.

(ಇಲ್ಲಿ ಆ ಭಾಗವನ್ನು ಕೇಳಿಸಿದೆ.)

ಹಾಕಿನ್ಸ್ ನುಡಿಸುವಾಗ ಗಮನಿಸಿದಿರಾ? ಗಟ್ಟಿ ನೆಲದ ಮೇಲೆ ಹೆಜ್ಜೆ ಇಡುವ ಹಿರಿಯರ ಗತ್ತು. ರಾಲಿನ್ಸ್ ಅವರನ್ನು ಕೆಣಕುತ್ತಾರೆ, ಬೇಕೆಂದೇ ಸೊಟ್ಟಸೊಟ್ಟ ತಿರುಗುತ್ತಾರೆ. ಇವರಿಬ್ಬರ ನಡುವೆ ಪಿಯಾನೋದ ಸರದಿ ಬರುತ್ತದೆ. ಶುರುವಿನಲ್ಲಿ ಬ್ಲೇ ಟ್ಯೂನಿನ ಒಳಗೇ ಇದ್ದಾರೆ. ಆಮೇಲೆ ಬಲಗೈಯ ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುವುದಿಲ್ಲ, ತಾಳದ ಅಂಚನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಆ ಸ್ವರಮೇಳಕ್ಕೆ ಸೇರದ ಸ್ವರಗಳು ಬರುತ್ತವೆ. ತಪ್ಪಿದರು ಅನಿಸುತ್ತದೆ. ತಪ್ಪಿಲ್ಲ. ಬೇಕಾದ ಜಾಗಕ್ಕೆ ಸರಿಯಾಗಿ ಬಂದು ಇಳಿಯುತ್ತಾರೆ, ಇಳಿದವರು ಮತ್ತೆ ಹೊರಟೇಬಿಡುತ್ತಾರೆ. ಹಿಲ್‌ಕ್ರೆಸ್ಟಿನಲ್ಲಿ ಎದ್ದ ಪ್ರಶ್ನೆಗೆ ಇದು ಒಂದು ಉತ್ತರ. ಪದ್ಯವನ್ನು ಬಿಟ್ಟಿಲ್ಲ, ಪದ್ಯಕ್ಕೆ ಕಟ್ಟುಬಿದ್ದೂ ಇಲ್ಲ.

ಆಗ ಅಮೆರಿಕದ ಮೂಲೆಯಲ್ಲಿ ಎಂಟೊಂಬತ್ತು ವರ್ಷದ ಹುಡುಗನಾಗಿದ್ದ ಪ್ಯಾಟ್ ಮೆಥೆನಿ ಮುಂದೆ ದೊಡ್ಡ ಗಿಟಾರ್ ವಾದಕರಾದ ಮೇಲೆ ಈ ಒಂದು ಸೋಲೋವನ್ನು, ಅಂದರೆ ಬ್ಲೇ ಅವರ ಆ ಸರದಿಯನ್ನು, ತುಂಬು ಬಾಯಿಂದ ಹೊಗಳಿದ್ದಾರೆ. ಅದೇ ಕಾಲದಲ್ಲಿ ಬ್ಲೇ, ಸ್ವಾಲೋ ಮತ್ತು ಡ್ರಮ್ಸ್ ವಾದಕ ಪೀಟ್ ಲ ರೋಕಾ ಸೇರಿ ಮಾಡಿದ ‘ಫುಟ್‌ಲೂಸ್’ ರೆಕಾರ್ಡು ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರಿಗೆ ದಾರಿ ತೋರಿಸಿತು. ಜ್ಯಾರೆಟ್ ಜನಪ್ರಿಯರಾದರು, ಬ್ಲೇ ಅಷ್ಟಾಗಲಿಲ್ಲ. ನನಗೆ ಇದು ಬೇಸರದ ವಿಷಯವೇ.

1964ರಲ್ಲಿ ನ್ಯೂಯಾರ್ಕಿನ ಸಂಗೀತಗಾರರು ಸೇರಿ ಕಟ್ಟಿದ ಜಾಜ್ ಕಂಪೋಸರ್ಸ್ ಗಿಲ್ಡ್‌ನಲ್ಲಿ ಬ್ಲೇ ಇದ್ದರು. ಕ್ಲಬ್ಬಿನವರ ಮುಂದೆ ಕೈಯೊಡ್ಡದೆ ನಾವೇ ಸಂಗೀತ ಕಚೇರಿ ನಡೆಸೋಣ ಅನ್ನುವ ಪ್ರಯತ್ನ ಅದು. ಬೇಗ ಮುರಿದುಬಿತ್ತು. 1969ರ ಕೊನೆಗೆ ನ್ಯೂಯಾರ್ಕಿನ ಫಿಲಾರ್ಮೊನಿಕ್ ಹಾಲ್‌ನಲ್ಲಿ ರಚನಕಾರ್ತಿ ಆನೆಟ್ ಪೀಕಾಕ್ ಜೊತೆ ಸಿಂಥಸೈಜರ್ ಅನ್ನುವ, ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯದ ಕಚೇರಿ ಮಾಡಿದರು. ಆಗ ಆ ವಾದ್ಯವನ್ನು ಸ್ಟುಡಿಯೋದಿಂದ ಹೊರಗೆ ತಂದು ಸಭೆಯ ಮುಂದೆ ನುಡಿಸುವವರೇ ಇರಲಿಲ್ಲ ಅನ್ನಬೇಕು. ಕೆಲವು ವರ್ಷ ಅದರಲ್ಲೇ ಮುಳುಗಿದ್ದು, ಆಮೇಲೆ ಬಿಟ್ಟು ಪಿಯಾನೋಕ್ಕೆ ಮರಳಿದರು. ನನಗೂ ಆ ಕಾಲದ ರೆಕಾರ್ಡುಗಳು ಅಷ್ಟಾಗಿ ಹಿಡಿಸಿಲ್ಲ.

ಈಗ ಇಬ್ಬರು ಹೆಂಗಸರ ಬಗ್ಗೆ ಹೇಳಬೇಕು. ಇವರನ್ನು ಬಿಟ್ಟರೆ ಬ್ಲೇ ಅವರ ಕತೆ ಅರ್ಧವೇ.

ಕಾರ್ಲಾ ಬೋರ್ಗ್ ಕ್ಯಾಲಿಫೋರ್ನಿಯಾದ ಹುಡುಗಿ. ಹದಿಹರೆಯದಲ್ಲೇ ನ್ಯೂಯಾರ್ಕಿಗೆ ಬಂದು, ಬರ್ಡ್‌ಲ್ಯಾಂಡ್ ಅನ್ನುವ ಹೆಸರಾಂತ ಜಾಜ್ ಕ್ಲಬ್ಬಿನಲ್ಲಿ ಸಿಗರೇಟು ಮಾರುತ್ತಿದ್ದರು. ಕೆಲಸ ನೆಪ, ಸಂಗೀತ ಕೇಳುವುದೇ ಮುಖ್ಯ. ಬ್ಲೇ ಪರಿಚಯವಾದದ್ದು ಅಲ್ಲೇ. 1957ರಲ್ಲಿ ಮದುವೆ. ಟ್ಯೂನು ಬರೆಯುವಂತೆ ಕಾರ್ಲಾ ಅವರನ್ನು ಹಟ ಹಿಡಿದು ಕೂರಿಸಿದವರು ಬ್ಲೇ. ರೆಕಾರ್ಡಿಂಗ್ ಇದೆ, ಹೊಸತು ಬೇಕು ಅಂತ ಕೇಳುವುದು, ಬರೆದದ್ದನ್ನು ಕೂಡಲೇ ನುಡಿಸುವುದು. ಮದುವೆ ಮುರಿದ ಮೇಲೂ ಬ್ಲೇ ಆ ಟ್ಯೂನುಗಳನ್ನು ಬಿಡಲಿಲ್ಲ. ಕಾರ್ಲಾ ಬ್ಲೇ ಮುಂದೆ ಜಾಜ್‌ನ ಅತಿ ದೊಡ್ಡ ರಚನಕಾರರಲ್ಲಿ ಒಬ್ಬರಾಗಿ, 2023ರಲ್ಲಿ ತೀರಿಕೊಳ್ಳುವವರೆಗೆ ಬ್ಲೇ ಹೆಸರಿನಲ್ಲೇ ಬಾಳಿದರು. ಎರಡನೆಯವರು ಈಗ ಹೇಳಿದ ಆನೆಟ್ ಪೀಕಾಕ್. ಇವರ ಟ್ಯೂನುಗಳು ಇನ್ನೂ ನಿಧಾನ, ಇನ್ನೂ ಕಡಿಮೆ ಸ್ವರ.

1972ರ ಸೆಪ್ಟೆಂಬರಿನಲ್ಲಿ ನಾರ್ವೆಯ ಓಸ್ಲೋದಲ್ಲಿ ಇಸಿಎಂಗಾಗಿ ಬ್ಲೇ ಒಬ್ಬರೇ ಕೂತು ಒಂದು ರೆಕಾರ್ಡು ಮಾಡಿದರು. ‘ಓಪನ್, ಟು ಲವ್’. ಏಳು ಟ್ಯೂನು. ಅದರಲ್ಲಿ ಮೂರು ಕಾರ್ಲಾ ಬರೆದದ್ದು, ಎರಡು ಆನೆಟ್ ಬರೆದದ್ದು, ಎರಡೇ ತಮ್ಮದು. ತನ್ನ ಹೆಸರಿನ, ತಾನೊಬ್ಬನೇ ನುಡಿಸುವ ರೆಕಾರ್ಡಿನಲ್ಲಿ ಬೇರೆಯವರ ಟ್ಯೂನಿಗೆ ಇಷ್ಟು ಜಾಗ ಕೊಡುವವರು ಕಡಿಮೆ.

ಮೊದಲನೆಯದು ‘ಕ್ಲೋಸರ್’. ಕಾರ್ಲಾ ಅವರದು.

(ಇದನ್ನು ಪೂರ್ತಿ ಕೇಳಿಸಿದೆ.)

ಹಾರ್ಮೋನಿಯಂನಲ್ಲಿ ಗಾಳಿ ಇರುವವರೆಗೂ ಸ್ವರ ನಿಲ್ಲುತ್ತದೆ. ಪಿಯಾನೋದಲ್ಲಿ ಹಾಗಿಲ್ಲ. ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಹೊಡೆದು ಹಿಂದಕ್ಕೆ ಬರುತ್ತದೆ. ಅಷ್ಟೇ, ಅಲ್ಲಿಂದ ಮುಂದೆ ಆ ಸ್ವರವನ್ನು ದೊಡ್ಡದು ಮಾಡಲು ಯಾರಿಂದಲೂ ಆಗುವುದಿಲ್ಲ. ಅದು ಸಣ್ಣಗಾಗುತ್ತಾ ಹೋಗುತ್ತದೆ. ಕೀ ಬಿಟ್ಟರೆ ಮೆತ್ತನೆಯ ತಡೆಯೊಂದು ತಂತಿಯ ಮೇಲೆ ಬಿದ್ದು ಸದ್ದು ನಿಲ್ಲುತ್ತದೆ. ಕಾಲಿನ ಪೆಡಲ್ ಒತ್ತಿದರೆ ಎಲ್ಲ ತಡೆಗಳೂ ಮೇಲೇಳುತ್ತವೆ, ತಂತಿ ತನ್ನಷ್ಟಕ್ಕೆ ಮೊಳಗುತ್ತದೆ, ಅಕ್ಕಪಕ್ಕದ ತಂತಿಗಳೂ ಅದರೊಂದಿಗೆ ಮಿಡಿಯುತ್ತವೆ. ಬಹಳ ಮಂದಿ ಪಿಯಾನೋ ವಾದಕರು ಸ್ವರ ಸಾಯುವ ಮೊದಲೇ ಇನ್ನೊಂದನ್ನು ತಂದು ಆ ಜಾಗ ತುಂಬುತ್ತಾರೆ. ಬ್ಲೇ ತುಂಬುವುದಿಲ್ಲ. ಒಂದು ಸ್ವರ ಹೊಡೆದು, ಅದು ಎಷ್ಟು ದೂರ ಹೋಗುತ್ತದೆ ಅಂತ ಕಾಯುತ್ತಾರೆ. ಮುಂದಿನ ಸ್ವರ ಯಾವಾಗ ಬರಬೇಕು ಅನ್ನುವುದನ್ನು ಹಿಂದಿನ ಸ್ವರವೇ ತೀರ್ಮಾನಿಸುತ್ತದೆ. ನೀವೆಲ್ಲ ಕೇಳುತ್ತಿದ್ದಾಗ ಈ ಹಾಲ್‌ನಲ್ಲಿ ಯಾರೂ ಕುರ್ಚಿ ಎಳೆಯಲಿಲ್ಲ, ಗಮನಿಸಿದಿರಾ? ಇದೇ ಹಿಲ್‌ಕ್ರೆಸ್ಟಿನ ಪ್ರಶ್ನೆಗೆ ಎರಡನೇ ಉತ್ತರ. ನನಗಂತೂ ಇದೇ ದೊಡ್ಡದು.

ಕರೆಯುವ ಸರದಿ ಬ್ಲೇ ಅವರಿಗೂ ಬಂತು. 1974ರಲ್ಲಿ ವಿಡಿಯೋ ಕಲಾವಿದೆ ಕ್ಯಾರಲ್ ಗಾಸ್ ಜೊತೆ ಸೇರಿ ಇಂಪ್ರೊವೈಸಿಂಗ್ ಆರ್ಟಿಸ್ಟ್ಸ್ ಅನ್ನುವ ಸ್ವಂತ ಕಂಪನಿ ಶುರು ಮಾಡಿದರು. ಆ ವರ್ಷದ ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಒಂದು ರೆಕಾರ್ಡಿಂಗ್. ಬೇಸ್ ಹಿಡಿದವರು 22 ವರ್ಷದ ಜಾಕೊ ಪಾಸ್ಟೋರಿಯಸ್. ಗಿಟಾರ್ ಹಿಡಿದವರು 19 ವರ್ಷದ ಪ್ಯಾಟ್ ಮೆಥೆನಿ, ಆ ಹಳೆಯ ಸೋಲೋವನ್ನು ತಲೆಯಲ್ಲಿ ಹೊತ್ತುಕೊಂಡೇ ಬೆಳೆದವರು. ಇಬ್ಬರ ಹೆಸರೂ ಆಗ ಹೊರಗೆ ಯಾರಿಗೂ ಗೊತ್ತಿಲ್ಲ. ಎರಡೇ ವರ್ಷದಲ್ಲಿ ಇಬ್ಬರ ಸ್ವಂತ ರೆಕಾರ್ಡುಗಳೂ ಬಂದವು, ಬೇಸ್ ಮತ್ತು ಗಿಟಾರ್ ಮೊದಲಿನ ಹಾಗೆ ಉಳಿಯಲಿಲ್ಲ. ಪೀಟರ್ಸನ್ ಹದಿನಾರರ ಹುಡುಗನನ್ನು ಕೂರಿಸಿದ್ದರು, ಮಿಂಗಸ್ ಇಪ್ಪತ್ತೊಂದರ ಯುವಕನನ್ನು. ಬ್ಲೇ ಅದನ್ನು ಮರೆಯಲಿಲ್ಲ ಅಂತಲೇ ನಾನು ಓದಿಕೊಳ್ಳುತ್ತೇನೆ. ಆಮೇಲೆ ಬಾಸ್ಟನ್‌ನ ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯಲ್ಲಿ ಪಾಠ ಹೇಳಿದರು. ಜಪಾನಿನ ಪಿಯಾನೋ ವಾದಕಿ ಸತೊಕೊ ಫುಜಿಯಿ ಅಲ್ಲಿ ಅವರ ಶಿಷ್ಯೆ. ಮುಂದೆ ಗುರುವೂ ಶಿಷ್ಯೆಯೂ ಎರಡು ಪಿಯಾನೋ ಇಟ್ಟುಕೊಂಡು ಒಂದು ರೆಕಾರ್ಡು ಮಾಡಿದರು. 2008ರಲ್ಲಿ ಕೆನಡಾ ಸರಕಾರ ಆರ್ಡರ್ ಆಫ್ ಕೆನಡಾ ಗೌರವ ಕೊಟ್ಟಿತು.

ದತ್ತಿನ ವಿಷಯಕ್ಕೆ ಬರುತ್ತೇನೆ. 1993ರಲ್ಲಿ ನ್ಯೂಯಾರ್ಕಿನ ಸ್ವೀಟ್ ಬೇಸಿಲ್ ಅನ್ನುವ ಜಾಜ್ ಕ್ಲಬ್ಬಿಗೆ ಬ್ಲೇ ಮನೆತನದ ನ್ಯೂಯಾರ್ಕ್ ಕಡೆಯ ನೆಂಟರೊಬ್ಬರು ಬಂದರು. ಬಂದು ಪಾಲ್ ಬ್ಲೇ ಅವರಿಗೆ ಒಂದು ಮಾತು ತಿಳಿಸಿದರು. ದತ್ತು ತೆಗೆದುಕೊಂಡ ಅಪ್ಪ ಜೋಸೆಫ್ ಇದ್ದಾರಲ್ಲ, ಹುಟ್ಟಿಸಿದ ಅಪ್ಪನೂ ಅವರೇ.

ಅರುವತ್ತು ವರ್ಷ ದತ್ತು ಮಗ ಅಂತಲೇ ಬದುಕಿದವರು, ಒಂದು ಸಂಜೆ ಸ್ವಂತ ಮಗನೂ ಆದರು. ಜೋಸೆಫ್ ತಮ್ಮ ಮಗನನ್ನೇ ದತ್ತು ತೆಗೆದುಕೊಂಡಿದ್ದರು.

ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ಹಿರಿಯರೊಬ್ಬರು ಎದ್ದು, “ಹಾಗಾದರೆ ಕೊನೆಗೆ ಅವರು ದತ್ತು ಮಗನೋ ಸ್ವಂತ ಮಗನೋ? ಅದರಿಂದ ಸಂಗೀತ ಬದಲಾಯಿತೋ?” ಅಂತ ಕೇಳಿದರು. ಆಗ ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಇವತ್ತು ನಾವು ಕೇಳಿದ ಎಲ್ಲ ರೆಕಾರ್ಡುಗಳೂ 1993ಕ್ಕಿಂತ ಮೊದಲಿನವು. ತನ್ನ ಅಪ್ಪ ಯಾರು ಅಂತ ಗೊತ್ತಿಲ್ಲ ಅಂದುಕೊಂಡಿದ್ದಾಗ ಮಾಡಿದವು. ಗೊತ್ತಾದ ಮೇಲೆ 1998ರಲ್ಲಿ ಬೇಸ್ ವಾದಕ ಗ್ಯಾರಿ ಪೀಕಾಕ್ ಮತ್ತು ಡ್ರಮ್ಸ್ ವಾದಕ ಪಾಲ್ ಮೋಷನ್ ಜೊತೆ ಮಾಡಿದ ರೆಕಾರ್ಡು ಇದೆ, 2008ರಲ್ಲಿ ಓಸ್ಲೋದ ಒಂದು ಚರ್ಚಿನಲ್ಲಿ ಒಬ್ಬರೇ ನುಡಿಸಿದ ಕಚೇರಿ ಇದೆ. ಅವನ್ನು ಕೇಳಿದರೆ ಅದೇ ಕೈ, ಅದೇ ಕಾಯುವಿಕೆ. ರಕ್ತದ ಸುದ್ದಿ ಬಂದು ಪಿಯಾನೋದ ಸ್ವರ ಬದಲಾಯಿತು ಅನ್ನಲು ನನಗೆ ಏನೂ ಸಿಗಲಿಲ್ಲ. ದತ್ತಿನ ಕೊರಗೇ ಆ ಸಂಗೀತದ ಬೇರು ಆಗಿದ್ದರೆ, ಆ ದಿನ ಅದು ಅಲುಗಬೇಕಿತ್ತಲ್ವಾ?

ಇನ್ನೊಂದು ವಿಷಯ. ಈ ಸುದ್ದಿ ಬಂದಾಗ ಎಲ್ಲರ ಕಣ್ಣೂ ಅಪ್ಪನ ಕಡೆಗೆ ಹೋಗುತ್ತದೆ. ನನ್ನ ಗಮನ ಹೋಗುವುದು ಬೆಟಿ ಕಡೆಗೆ. ರಕ್ತದಿಂದ ಆ ಮಗುವಿಗೆ ಏನೂ ಅಲ್ಲದವರು ಆ ಮನೆಯಲ್ಲಿ ಅವರೊಬ್ಬರೇ ಅಂತಾಯಿತು. 1993ರ ಸುದ್ದಿ ಅಪ್ಪನ ಸ್ಥಾನ ಗಟ್ಟಿ ಮಾಡಿತು, ಅಮ್ಮನ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಆದರೆ ತಾಯಿ ಅಂತ ಆ ಕೂಸನ್ನು ಎತ್ತಿಕೊಂಡವರು ಅವರು. ಪರದೇಶದಿಂದ ಬಂದು, ಗೊತ್ತಿಲ್ಲದ ಮಾತಿನ ಊರಿನಲ್ಲಿ ನೆಲೆಯಾಗಿ, ಬೇರೆಯವರು ಹೆತ್ತ ಮಗುವನ್ನು ತನ್ನದು ಅಂದವರು.

ನಮ್ಮ ತುಳುನಾಡಿನಲ್ಲಿ ಅಳಿಯಸಂತಾನ ಕಟ್ಟು ಇತ್ತು. ಅದನ್ನು ಪಾಲಿಸುತ್ತಿದ್ದ ಮನೆಗಳಲ್ಲಿ ಆಸ್ತಿ, ಯಜಮಾನಿಕೆ ಅಪ್ಪನಿಂದ ಮಗನಿಗೆ ಹೋಗುತ್ತಿರಲಿಲ್ಲ. ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿತ್ತು. ನಮ್ಮ ಅಜ್ಜಂದಿರ ಕಾಲದವರೆಗೂ ಅದು ಸಹಜವೇ ಆಗಿತ್ತು. ಯಾರ ಮಗ ಅನ್ನುವ ಪ್ರಶ್ನೆಗೆ ಒಂದೇ ಉತ್ತರ ಇಲ್ಲ ಅಂತ ಈ ಮಣ್ಣಿನವರಿಗೆ ಹೊರಗಿನವರು ಬಂದು ಹೇಳಬೇಕಾಗಿಲ್ಲ. ಹಾಗಾಗಿ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ಅವರು ಬೆಟಿ ಬ್ಲೇ ಅವರ ಮಗ. ಪಿಯಾನೋ ಮಟ್ಟಿಗೆ ಕೇಳಿದರೆ ಪೀಟರ್ಸನ್, ಮಿಂಗಸ್, ಪಾರ್ಕರ್, ಆರ್ನೆಟ್ ಕೋಲ್‌ಮನ್, ಕಾರ್ಲಾ, ಇಷ್ಟೂ ಮಂದಿಗೆ ಸೇರಿದವರು.

ಕೇಳಬೇಕು ಅನ್ನುವವರು ರೆಕಾರ್ಡುಗಳ ಹೆಸರು ಬರೆದುಕೊಡಿ ಅಂದರು. ಮೊದಲು ‘ಓಪನ್, ಟು ಲವ್’ ಕೇಳಿ. ರಾತ್ರಿ ಊಟವಾದ ಮೇಲೆ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಬೇಡ, ಹೆಡ್‌ಫೋನ್ ಹಾಕಿಕೊಂಡು. ಸ್ವರ ಕ್ಷೀಣಿಸುವುದು ಕೇಳದಿದ್ದರೆ ಅರ್ಧ ಸಂಗೀತ ತಪ್ಪಿಹೋಗುತ್ತದೆ. ಅದರಲ್ಲಿ ‘ಐಡಾ ಲುಪಿನೋ’ ಅಂತ ಒಂದು ಟ್ಯೂನಿದೆ, ಆ ಹೆಸರಿನ ನಟಿ, ನಿರ್ದೇಶಕಿಯ ಗೌರವಕ್ಕೆ ಕಾರ್ಲಾ ಬರೆದದ್ದು. ಜಾಜ್ ಹೊಸತು ಅನ್ನುವವರಿಗೂ ಅದು ಕೂಡಲೇ ಹಿಡಿಸುತ್ತದೆ. ಆಮೇಲೆ ‘ಸಾನಿ ಮೀಟ್ಸ್ ಹಾಕ್’. ಇವೆರಡೂ ಹಿಡಿಸಿದರೆ ಜ್ಯೂಫ್ರಿ ತಂಡದ 1961ರ ರೆಕಾರ್ಡುಗಳಿಗೆ ಹೋಗಿ. ಹಿಲ್‌ಕ್ರೆಸ್ಟಿನ ಧ್ವನಿಮುದ್ರಣವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಗುಣಮಟ್ಟ ಅಷ್ಟಕ್ಕಷ್ಟೇ, ಮೊದಲೇ ಕೇಳಿದರೆ ಬರೀ ಗದ್ದಲ ಅನಿಸೀತು.